ತಂಗಡಿ ಚಕ್ಕೆಯ ರಸ

ಓದಲು ಕೂತಾಗ ಕೆಲವರು ದೇವರನ್ನು ನೆನೆಯುತ್ತಾರೆ. ನಾನು ಒಬ್ಬ ಡಾಕ್ಟರನ ಮುಖ ನೆನೆಯುತ್ತಿದ್ದೆ. ನಿದ್ದೆ ತಾನಾಗಿ ಹಾರಿ ಹೋಗುತ್ತಿತ್ತು.

ತೆಲುಗು ಸೀಮೆಯೊಳಗಿನ ಕಲ್ಹೇರ್ ಕಡೆಯ ನಮ್ಮೂರಲ್ಲಿ ಹುಣ್ಣು, ಗಾಯ ಅಂದರೆ ಮಂದಿ ಅವ್ವನ ಹತ್ತಿರ ಬರುತ್ತಿದ್ದರು. ತಂಗಡಿ ಗಿಡದ ಚಕ್ಕೆ ಕುಟ್ಟಿ ಮಾಡಿದ ಕಂದು ರಸವನ್ನು ಅರಿವೆಗೆ ಹಾಕಿ ಕಟ್ಟುತ್ತಿದ್ದಳು. ಹಾಗೆ ಕಟ್ಟಿಸಿಕೊಂಡ ಒಬ್ಬಾತ ಜ್ವರ ಬಂದು ಸರ್ಕಾರಿ ದವಾಖಾನೆಗೆ ಹೋದ. ಡಾಕ್ಟರು ಅವನ ಕಾಲಿನ ಪಟ್ಟಿ ಕಿತ್ತು ಕೂಗಿದರು: "ಯಾವ ಜಂಗ್ಲಿ ಹೆಂಗಸು ಕಟ್ಟ್ಯಾಳ ಈ ಹೊಲಸು?"

ಅವ್ವ ನನ್ನ ಕೈ ಹಿಡಿದುಕೊಂಡು, ನನ್ನ ಕೆಮ್ಮಿಗೆ ಔಷಧಿ ಕೇಳಲು ಅದೇ ಸಾಲಿನಲ್ಲಿ ನಿಂತಿದ್ದಳು.

"ನಾನೇ ರೀ ಸಾಬ್," ಅಂದಳು.

ಪಟ್ಟಿ ಅವಳ ಪಾದದ ಮೇಲೆ ಬಂದು ಬಿತ್ತು. ಸಾಲಿಗೆ ಸಾಲೇ ನಕ್ಕಿತು. ಅವಳ ಕೈಯಿಂದ ವಾಸಿ ಮಾಡಿಸಿಕೊಂಡವರೂ ನಕ್ಕರು. ಅಂದಿನಿಂದ ನಮ್ಮ ಕಟ್ಟೆಗೆ ಯಾರೂ ಬರಲಿಲ್ಲ. ಅವ್ವ ಕುಟ್ಟುವ ಕಲ್ಲನ್ನು ಬೋರಲು ಹಾಕಿದಳು.

ನಮ್ಮ ಮನೆತನದಲ್ಲಿ ನಾಲ್ಕನೇ ಇಯತ್ತೆ ದಾಟಿದವರಿರಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಹೈದರಾಬಾದಿನ ಕಾಲೇಜಿನಲ್ಲಿ ಇಂಗ್ಲಿಷು. ಎಲ್ಲ ಕಡೆಯೂ ನಗೆಪಾಟಲಾಗಿ ನಾನು ಬಿ.ಎಸ್ಸಿ. ಆದೆ. ಎಂ.ಎಸ್ಸಿ.ಯಲ್ಲಿ ಯಾವ ವಿಷಯ ಅಂತ ಮೇಷ್ಟ್ರು ಕೇಳಿದಾಗ ಬಾಯಿಗೆ ಬಂದದ್ದು ಒಂದೇ: ತಂಗಡಿ ಚಕ್ಕೆ.

ಕೀವಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ರಸದಲ್ಲಿ ಅದ್ದಿ ಒಣಗಿಸಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಡಬೇಕು. ರಸಕ್ಕೆ ಕಸುವಿದ್ದರೆ ಮರುದಿನ ಬಿಲ್ಲೆಯ ಸುತ್ತ ಸ್ವಚ್ಛ ಬಳೆ ಮೂಡುತ್ತದೆ. ನಾನು ಚಕ್ಕೆಯನ್ನು ನೀರಲ್ಲಿ ಕುದಿಸಿ ಇಟ್ಟೆ. ಬಳೆ ಮೂಡಲಿಲ್ಲ. ಮತ್ತೆರಡು ಸಲ ಇಟ್ಟೆ. ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನತನಕ ಹುಲುಸಾಗಿ ಬೆಳೆದಿತ್ತು. ಡಾಕ್ಟರು ಅಂದದ್ದೇ ಖರೆ ಇದ್ದರೆ?

ಊರಿಗೆ ಹೋಗಿ ಅವ್ವನಿಗೆ ಹೇಳಿದೆ.

"ಯಾತರಾಗ ಕುದಿಸಿದಿ?"

"ನೀರಾಗ."

ಅವ್ವ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. "ನೀರಾಗ ಬರಲ್ಲ ಯವ್ವಾ ಅದು. ಸಿಂದ್ಯಾಗ ಮೂರು ದಿನ ನೆನಿಬೇಕು."

ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಈಚಲ ಹೆಂಡದ ಹೆಸರೂ ಹೊಸ್ತಿಲು ದಾಟುವಂತಿರಲಿಲ್ಲ. ಚಕ್ಕೆ ಕುಟ್ಟಿಕೊಡುತ್ತಿದ್ದವಳು ನಾನೇ. ನೆನೆಹಾಕುವ ಹೊತ್ತಿಗೆ ಮಾತ್ರ ನನ್ನನ್ನು ಬಾವಿಗೆ ಕಳಿಸುತ್ತಿದ್ದಳು!

"ಸಿಂದಿ ಹ್ಯಾಂಗ ತರ್ತಿದ್ದಿ?"

"ಹಾಲಿನ ಗಿಂಡ್ಯಾಗ. ನಿಮ್ಮಪ್ಪಗ ಇವತ್ತಿಗೂ ಗೊತ್ತಿಲ್ಲ. ನೀ ಹೇಳಿಗೀಳಿಯಾ!"

ಹಾಗೇ ನೆನೆಹಾಕಿ, ಸೋಸಿ ಇಟ್ಟೆ. ಮರುದಿನ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಬಳೆ ಮೂಡಿತ್ತು. ಬರೀ ಸಿಂದಿಯ ಬಿಲ್ಲೆಯ ಸುತ್ತ ಏನೂ ಇರಲಿಲ್ಲ. ಕಸುವು ಚಕ್ಕೆಯದೇ.

ಇಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಆ ಡಾಕ್ಟರು ಆಗ ಜಹೀರಾಬಾದಿನಲ್ಲಿದ್ದರು. ಬೆರಳು ಕೊಯ್ದಿದೆ ಅಂತ ಹೋಗಿ, ಅವರ ಕಂಪೌಂಡರ್ ಹತ್ತಿರ ಗಾಯ ತೊಳೆಯುವ ಔಷಧಿ ಒಂದು ಸೀಸೆ ಹಾಕಿಸಿಕೊಂಡು ಬಂದೆ. ಅದಕ್ಕೆ ಅದೆಷ್ಟು ನೀರು ಬೆರೆಸಿದ್ದರೋ, ನನ್ನ ತಟ್ಟೆಯಲ್ಲಿ ಅದರ ಬಿಲ್ಲೆಯ ಕೆಳಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಮುಂದಿನ ವಾರ ಅವ್ವನನ್ನು ಕರೆದುಕೊಂಡು ಹೋಗಿ ಜಹೀರಾಬಾದಿನ ಆ ದವಾಖಾನೆಯ ಸಾಲಿನಲ್ಲಿ ಕೂಡಿಸಿದೆ. ಬಿಳಿ ಕೋಟು ಹಾಕಿಕೊಂಡು ನಾನು ಒಳಗೆ ಹೋದೆ. ಡಾಕ್ಟರು ಎದ್ದು ಕುರ್ಚಿ ತೋರಿಸಿದರು. ಅವರಿಗೆ ನನ್ನ ನೆನಪಿರಲಿಲ್ಲ. ಮೂರೂ ಬಿಲ್ಲೆಗಳಿದ್ದ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟೆ.

"ಮುಚ್ಚಳ ತೆಗೀಬ್ಯಾಡ್ರಿ. ಒಳಗಿರೋದು ಜೀವಂತ ಅದ."

"ಭಾಳ ಛಲೋ ಔಷಧಿ! ಈ ಬಳೆ ಯಾವುದರದು?"

"ಒಂದು ಜಂಗ್ಲಿ ಹೆಂಗಸಿಂದು."

"ಈ ಕಡೆ, ಬಳೆ ಇಲ್ಲದ್ದು?"

"ನಿಮ್ಮದು. ನಿಮ್ಮ ಕಂಪೌಂಡರೇ ಕೊಟ್ಟಾನ."

ಅವರ ಮುಖ ಬಿಳುಚಿತು. ಆ ಬಣ್ಣ ನೋಡಲಿಕ್ಕೆ ನಾನು ಅಷ್ಟು ವರ್ಷ ಓದಿದ್ದೆ. ಮೂರನೇ ಬಿಲ್ಲೆ, ಬರೀ ಸಿಂದಿಯದು, ಯಾವುದೆಂದು ಅವರು ಕೇಳಲಿಲ್ಲ. ಕಾಗದ ಎಳೆದುಕೊಂಡು ಮೆತ್ತಗೆ, "ಹ್ಯಾಂಗ ಮಾಡ್ತಾರ ಹೇಳ್ರಿ, ಬರ್ಕೋತೀನಿ," ಅಂದರು.

"ಮಾಡಾಕಿ ಹೊರಗ ಕುಂತಾಳ. ಕೇಳ್ರಿ."

ಡಾಕ್ಟರು ಕಾಗದ ಹಿಡಿದು ಸಾಲಿನ ಹತ್ತಿರ ಬಂದರು. ಅವ್ವ ಏಳಲಿಲ್ಲ.

"ಮಂದಿ ಮುಂದ ಬೈದಿದ್ರಿ ಸಾಬ್, ಹೊಲಸು ಅಂತ. ಈಗೂ ಮಂದಿ ಮುಂದೇ ಕೇಳ್ರಿ, ಎಲ್ಲಾರಿಗೂ ಕೇಳೂ ಹಂಗ."

ಕೇಳಿದರು. ಸಾಲಿನಲ್ಲಿ ಯಾರೂ ನಗಲಿಲ್ಲ.

ಯಾವ ಕಾಲದ ಚಕ್ಕೆ, ಯಾವ ಕಡೆಯ ಟೊಂಗೆ, ಎಷ್ಟು ಕುಟ್ಟಬೇಕು, ಎಲ್ಲ ಸಾವಕಾಶ ಹೇಳಿದಳು. ಅವರು ಬರೆದುಕೊಂಡರು. ಕೊನೆಗೆ ನನ್ನ ಕಡೆ ಒಂದು ಸಲ ನೋಡಿ, "ಆಮ್ಯಾಲೆ ನೀರಾಗ ಕುದಸ್ರಿ. ಚೆಂದಂಗ ಕುದಸ್ರಿ," ಅಂದಳು.

ಅವರು ಅದನ್ನೂ ಬರೆದುಕೊಂಡರು. ಸತ್ಯ ಹುಡುಕಲು ಕಲಿತ ನಾನು ತುಟಿ ಬಿಚ್ಚಲಿಲ್ಲ.

ನಾರಾಯಣಖೇಡದ ಬಸ್ಸಿನಲ್ಲಿ ಕೇಳಿದೆ: "ಯವ್ವಾ, ನೀರಾಗ ಅಂದ್ಯಲ್ಲ?"

"ಮತ್ತ, ಅಷ್ಟು ಮಂದ್ಯಾಗ ಸಿಂದಿ ಹೆಸರು ಎತ್ತಲೇನು?" ಅಂದಳು ಅವ್ವ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೆ ಮುಟ್ಟಿದ ಕೂಡಲೇ ಬೋರಲು ಹಾಕಿದ್ದ ಕಲ್ಲನ್ನು ಎತ್ತಿ ತೊಳೆದಳು.