ಅತ್ತೆಗಿಂತ ಮೊದಲು

ನನ್ನ ಅತ್ತೆ, ಅಪ್ಪನ ಅಕ್ಕ, ಮದುವೆಯಾಗದೆ ನಮ್ಮ ಎಸ್ಟೇಟ್ ನೋಡಿಕೊಂಡಿದ್ದವರು. ಮಾತಿಗೆ ಮುಂಚೆ ಕನ್ನಡಕ ತೆಗೆದು ಒರೆಸುವುದು ಅವರ ಅಭ್ಯಾಸ. ನನಗೆ ಗಂಡಿನ ಸಂಬಂಧ ತಂದವರನ್ನೆಲ್ಲ, “ಮೊದಲು ದೊಡ್ಡವಳದ್ದಾಗ್ಲಿ ಮಾರಾಯ್ರೆ, ನನಗೆ ಗಂಡು ನೋಡಿ!” ಎಂದು ನಗಿಸಿ ಕಳಿಸುತ್ತಿದ್ದರು.

ಒಂದು ಭಾನುವಾರ, ಅತ್ತೆಯ ಗೆಳತಿ ಟೀಚರ್ ಎಂದಿನಂತೆ ಊಟ ಮುಗಿಸಿ ತಮ್ಮೂರು ಸಂಸೆಯ ಬಸ್ಸಿಗೆ ಹೊರಟ ಮೇಲೆ, ನನಗೆ ಹುಡುಗಿಯರೇ ಇಷ್ಟವೆಂದು ಅಜ್ಜಿಗೆ ಹೇಳಿಬಿಟ್ಟೆ. ಅಜ್ಜಿ ಮುಖ ತಿರುಗಿಸಿದರು. ಅತ್ತೆ ಕನ್ನಡಕ ಒರೆಸಿದರು.

“ಅಮ್ಮ, ನಾನೂ ಇವಳ ಹಾಗೇ. ಅರವತ್ತಾಗ್ತಾ ಬಂತು, ಹೇಳೋಕೆ ಹೆದರಿಕೆ.”

ಅಜ್ಜಿ ಮಗಳ ಕಡೆ ತಿರುಗಿದರು. “ಆ ಟೀಚರಾ?”

“ಹ್ಞೂಂ.”

“ಮತ್ತೆ ಪ್ರತಿ ಸಲ ಅವಳನ್ನ ಬಸ್ಸಿಗೆ ಯಾಕೆ ಓಡಿಸ್ತೀಯ ಮಾರಾಯ್ತಿ? ಹೋಗು, ಬಸ್ಸು ಬರೋದ್ರೊಳಗೆ ಕರ್ಕೊಂಡ್ ಬಾ.”

ಅತ್ತೆ ಚಪ್ಪಲಿಯನ್ನೂ ಹಾಕದೆ ಜೀಪು ಹತ್ತಿದರು.