ಚಕ್ರವಿಲ್ಲದ ಗಾಡಿಗೆ ಕುಂಕುಮ

ಹಿಮವನ್ನು ನಾನು ಫ್ರೀಜರಿನ ಗೋಡೆಯ ಮೇಲಲ್ಲದೆ ಬೇರೆಲ್ಲೂ ಕಂಡವನಲ್ಲ. ಹೀಗಿದ್ದೂ ನನ್ನ ಹೊಟ್ಟೆಪಾಡು ನಡೆಯುವುದು ಹಿಮದ ಮೇಲೆ ಓಡುವ ಗಾಡಿಗಳಿಂದ. ಮಲೇಷ್ಯಾದ ಬಯಾನ್ ಲೆಪಾಸಿನಲ್ಲಿರುವ ನಮ್ಮ ಪುಟ್ಟ ಕಂಪನಿ ಸ್ನೋಮೊಬೈಲಿಗೆ ವೈರಿಂಗ್ ಮಾಡಿಕೊಡುತ್ತದೆ. ಮುಂದೆ ಜಾರುವ ಎರಡು ಹಲಗೆ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ಮೇಲೆ ಸ್ಕೂಟರಿನಂಥ ಹ್ಯಾಂಡಲು; ಇಷ್ಟೇ ಆ ಗಾಡಿ. ಅದರ ಹಿಡಿಕೆ ಬಿಸಿಮಾಡಲು ಒಂದು ವೈರು, ಮೊಬೈಲ್ ಚಾರ್ಜಿಗೆ ಒಂದು ಸಾಕೆಟ್, ಹೆಲ್ಮೆಟ್ಟಿನ ಗಾಜು ಬೆಚ್ಚಗಿಡಲು ಇನ್ನೊಂದು. ಮನೆಯಿಂದ ಹೊರಗೆ ಕಾಲಿಟ್ಟರೆ ಅಂಗಿ ಬೆನ್ನಿಗೆ ಅಂಟುವ ಊರಿನಲ್ಲಿ ಕೂತು, ಯಾರದೋ ಬೆರಳು ಬೆಚ್ಚಗಿರಲೆಂದು ದಿನವಿಡೀ ತಲೆ ಕೆಡಿಸಿಕೊಳ್ಳುವವನು ನಾನು.

ಕೊರೊನಾ ಬಂದಾಗ ಆಫೀಸು ಮನೆಗೇ ಬಂತು. ಹ್ಯಾಂಡಲು, ಬ್ಯಾಟರಿ, ಮೀಟರುಗಳನ್ನು ಹಲಗೆಗೆ ಬಿಗಿದ ಅರ್ಧ ಗಾಡಿಯೊಂದು ನಮ್ಮ ಊಟದ ಮೇಜನ್ನು ಆಕ್ರಮಿಸಿತು. ನಾನು, ಹೆಂಡತಿ ಸುಮತಿ, ಮಗಳು ಅನಘಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ಹೊಸ ಸಾಕೆಟ್ ಕಿಟ್ಟಿನ ಮಾದರಿಯನ್ನು ಫಿನ್ಲೆಂಡಿನ ಗಿರಾಕಿ ಒಪ್ಪಿದರೆ ನಮ್ಮ ಐದು ಜನರ ತಂಡ ಉಳಿಯುತ್ತದೆ, ಒಪ್ಪದಿದ್ದರೆ ಇಲ್ಲ ಎಂದು ಬಾಸ್ ಹೇಳಿಯಾಗಿತ್ತು. ಅದು ಯಾರೂ ಹೊಸ ಕೆಲಸ ಕೊಡುವ ಕಾಲವಾಗಿರಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಹಾಗಾಗಿ ಅಚ್ಚುಕಟ್ಟಾಗಿ ದುಡಿದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇಟ್ಟೆ. ಹ್ಯಾಂಡಲು ಪೂರ್ತಿ ತಿರುಗಿದರೂ ಎಳೆಯದಷ್ಟು ವೈರು ಸಡಿಲ ಬಿಟ್ಟೆ. ಫ್ರೀಜರಿನಿಂದ ಕಾಯಿತುರಿಯನ್ನು ಹೊರಗಟ್ಟಿ ಸಾಕೆಟ್ಟನ್ನು ಎರಡು ದಿನ ಚಳಿಗೆ ಒಡ್ಡಿದೆ. ಹೆಮ್ಮೆಯಿಂದ ಸುಮತಿಗೆ ತೋರಿಸಿದರೆ ಅವಳು, "ಅಲ್ಲಾ ರೀ, ಆ ಚಳೀಲಿ ಅವ್ರು ಬರಿಗೈಲಿ ಗಾಡಿ ಓಡಿಸ್ತಾರಾ?" ಎಂದು ಓವನ್ನಿನ ದಪ್ಪ ಕೈಗವಸು ಎಸೆದಳು. ಅದನ್ನು ತೊಟ್ಟು ಸಾಕೆಟ್ಟಿನ ಮುಚ್ಚಳ ತೆಗೆಯಲು ಹೋದೆ. ಹತ್ತು ನಿಮಿಷ ಗುದ್ದಾಡಿದರೂ ಆಗಲಿಲ್ಲ. ಹದಿನಾರು ವರ್ಷದ ಅನುಭವವನ್ನು ಪಕ್ಕಕ್ಕಿಟ್ಟು ಮುಚ್ಚಳಕ್ಕೆ ಹಿಡಿದೆತ್ತಲು ನಾಲಿಗೆಯಂಥ ಉದ್ದ ಪಟ್ಟಿ ಹಚ್ಚಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಮ್ಮಲ್ಲಿ ಯಾವ ಯಂತ್ರಕ್ಕೂ ವಿನಾಯಿತಿಯಿಲ್ಲ. ಮಿಕ್ಸಿ, ಲ್ಯಾಪ್‌ಟಾಪು, ಆ ವರ್ಷ ಹೊಸದಾಗಿ ಮನೆ ಸೇರಿದ್ದ ಆಕ್ಸಿಮೀಟರು, ಎಲ್ಲಕ್ಕೂ ಅರಿಶಿನ ಕುಂಕುಮ. ನಾವು ಅನ್ನ ಕೊಡುವ ವಸ್ತುವಿನ ಎದುರು ವರ್ಷಕ್ಕೊಮ್ಮೆಯಾದರೂ ತಲೆ ಬಾಗಿಸುವವರು. ನಾನು ಅರ್ಧ ಗಾಡಿಯ ಕಡೆ ತಿರುಗಿದೆ.

"ಅಪ್ಪಾ, ಇಟ್ಸ್ ನಾಟ್ ಈವನ್ ಅವರ್ಸ್ ಲಾ!" ಎಂದಳು ಅನಘಾ, ಇಲ್ಲಿನವರಂತೆ ಕೊನೆಗೊಂದು 'ಲಾ' ಎಳೆದು.

ನನ್ನ ಸಮಸ್ಯೆ ಬೇರೆಯಿತ್ತು. ನಿಂಬೆಹಣ್ಣನ್ನು ಚಕ್ರದ ಕೆಳಗಿಡಬೇಕು. ಚಕ್ರವೇ ಇಲ್ಲದ ಗಾಡಿಗೆ ಎಲ್ಲಿಡುವುದು? ಕೊನೆಗೆ ಮೇಜಿನ ನಾಲ್ಕು ಕಾಲುಗಳ ಪಕ್ಕ ಇಟ್ಟು ಸಮಾಧಾನಪಟ್ಟೆ. ಫ್ಯೂಸಿನ ಡಬ್ಬಿಗೆ ದಪ್ಪಗೆ ಬೊಟ್ಟಿಟ್ಟೆ. ಮರುದಿನ ಬೆಳಿಗ್ಗೆ ಕೊರಿಯರಿನವನು ಹೇಳಿದ್ದಕ್ಕಿಂತ ಬೇಗ ಬಂದ. ಕಿಟ್ಟನ್ನು ಗಡಿಬಿಡಿಯಲ್ಲಿ ಬಿಚ್ಚಿ, ಸುತ್ತಿ, ಕಳಿಸಿಬಿಟ್ಟೆ.

ಸಂಜೆ ಗಿರಾಕಿಯ ತಪಾಸಣೆಯ ನಮೂನೆ ಓದುತ್ತಿದ್ದೆ. ಅದರಲ್ಲಿ 'ಅನ್ಯವಸ್ತು' ಎಂಬ ಕಲಮಿತ್ತು. ಪುಡಿ, ಕಲೆ, ಗುರುತು, ಯಾವುದಿದ್ದರೂ ಮಾದರಿ ತಿರಸ್ಕೃತ. ಫ್ಯೂಸಿನ ಡಬ್ಬಿಯ ಬೊಟ್ಟನ್ನು ನಾನು ಒರೆಸಿರಲೇ ಇಲ್ಲ. ಕ್ಷಮೆ ಕೋರಿ ಮೂರು ಸಲ ಇಮೇಲ್ ಬರೆದೆ. ಕುಂಕುಮವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಅದು ಇನ್ನಷ್ಟು ಅನುಮಾನಾಸ್ಪದ ಪುಡಿಯಾಗಿ ಕಾಣುತ್ತಿತ್ತು. ಮೂರನ್ನೂ ಅಳಿಸಿದೆ. ಐದು ಸಂಸಾರಗಳ ಅನ್ನಕ್ಕೆ ನಾನೇ ಬೊಟ್ಟಿಟ್ಟು ಕಳಿಸಿದೆನಲ್ಲಾ ಎಂಬ ಸಂಕಟದಲ್ಲಿ ತಿಂಗಳೊಂದು ಕಳೆಯಿತು.

ಕೊನೆಗೆ ವೀಡಿಯೋ ಕರೆ ಬಂತು. ಗಿರಾಕಿಯ ಕಡೆಯ ಪರೀಕ್ಷಕ ಮಾತ್ತಿ, ಗಡ್ಡದಲ್ಲೂ ಹಿಮ ಮೆತ್ತಿಕೊಂಡು ಗಾಡಿಯ ಪಕ್ಕ ನಿಂತಿದ್ದ. ನಾನು ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಪಂಚೆ. ಅವನು ಕೈಗವಸು ತೊಟ್ಟೇ ಮುಚ್ಚಳ ಎತ್ತಿದ. ಒಂದೇ ಸಲಕ್ಕೆ ತೆರೆದುಕೊಂಡಿತು. ಫೋನು ಚಾರ್ಜಾಯಿತು, ಹಿಡಿಕೆ ಬಿಸಿಯಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಕ್ಯಾಮೆರಾ ಫ್ಯೂಸಿನ ಡಬ್ಬಿಯ ಹತ್ತಿರ ಹೋಗಿ ನಿಂತಿತು. ಹಳದಿಯ ಮೇಲೆ ಕೆಂಪು, ಇಟ್ಟಂತೆಯೇ ಇತ್ತು. ಇದೇನೆಂದು ಮಾತ್ತಿ ಕೇಳಿದ.

ನಾನು ತಡವರಿಸಿದೆ. ಅಡುಗೆಮನೆಯಿಂದ ಸುಮತಿ, "ಇದ್ದಿದ್ದನ್ನ ಇದ್ದ ಹಾಗೆ ಹೇಳ್ರೀ," ಎಂದಳು.

ಹೇಳಿದೆ. ಅನ್ನ ಕೊಡುವ ಯಂತ್ರಕ್ಕೆ ಇದು ನಮಸ್ಕಾರ, ಓಡಿಸುವವನಿಗೆ ಏನೂ ಆಗದಿರಲೆಂಬ ಬೇಡಿಕೆ ಎಂದೆ. ಅವನು ಗಾಡಿಯ ಬೀಗದ ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದ. ಅದಕ್ಕೊಂದು ಮಾಸಿದ ಕೆಂಪು ಉಣ್ಣೆಯ ದಾರವಿತ್ತು. ಅಜ್ಜಿ ಕಟ್ಟಿದ್ದು, ಇದಿಲ್ಲದೆ ಹಿಮಕ್ಕೆ ಇಳಿದವನಲ್ಲ, ಯಾರಿಗೂ ಹೇಳಬೇಡ ಎಂದು ನಕ್ಕ. ನನಗೆ ಕಣ್ಣು ತುಂಬಿತು, ನಗುವೂ ಬಂತು.

ಆ ದಿನ ಬೀದಿ ಮೂಲೆಯ ಮಾಮಕ್ ಹೋಟೆಲಿನಿಂದ ನಮ್ಮ ಪರೋಟದಂಥ ರೋಟಿ ಚನಾಯನ್ನು ತಪೌ, ಅಂದರೆ ಪಾರ್ಸೆಲ್, ಮಾಡಿಸಿ ತಂದು, ಮೇಜನ್ನು ಖಾಲಿಮಾಡಿ, ಮೂವರೂ ಎದುರುಬದುರು ಕೂತು ತಿಂದೆವು. ಮರುದಿನ ವರದಿ ಬಂತು. ಮಾದರಿ ಸ್ವೀಕೃತ. ನಾನು ಓದಿದ್ದು ಮಾತ್ರ ಆ ಒಂದೇ ಕಲಮನ್ನು. ಅಲ್ಲಿ ಮಾತ್ತಿ ಬರೆದಿದ್ದ: ಅನ್ಯವಸ್ತು, ಏನೂ ಇಲ್ಲ.