ಕಲ್ಲಿನ ಸೀರೆಯ ಪಟ್ಟೆಗಳು

ನನ್ನ ಸೋದರತ್ತೆ ಬನಹಟ್ಟಿಯಲ್ಲಿ ಮದುವೆಯಾದಂದಿನಿಂದ ಕೈಮಗ್ಗದ ಮೇಲೆ ಸೀರೆ ನೇಯ್ದವಳು. ಮೊಣಕಾಲು ಸೋತು ಮಗ್ಗ ಬಿಟ್ಟ ಮೇಲೆ ಅವಳಿಗೊಂದು ಆಸೆ ಹತ್ತಿತು. ಬಾದಾಮಿ ಕಡೆಯ ಗುಡ್ಡದ ಗುಹೆಯೊಂದರಲ್ಲಿ ಸೀರೆ ಉಟ್ಟ ಕಲ್ಲಿನ ಹೆಂಗಸಿದ್ದಾಳೆ, ಸೀರೆಯ ಪಟ್ಟೆಗಳನ್ನು ಎಣಿಸಬಹುದು ಎಂದು ನೂಲು ಮಾರುವವನೊಬ್ಬ ಹೇಳಿದ್ದ. ಸಾಯುವುದರೊಳಗೆ ಅದನ್ನು ನೋಡಬೇಕು ಎಂದಳು.

ದೀಪಾವಳಿ ಮುಗಿದ ಒಂದು ಮುಂಜಾನೆ ಇಬ್ಬರೂ ಬಸ್ ಹತ್ತಿದೆವು. ಮುಧೋಳದವರೆಗೆ ಕಿಟಕಿಯ ಎರಡೂ ಬದಿ ಕಬ್ಬು. ಆಮೇಲೆ ಹಸಿರು ತೆಳ್ಳಗಾಗುತ್ತ ಹೋಗಿ, ಕೆಂಪು ಬಂಡೆಗಳು ನೆಲದಿಂದ ಮೆಲ್ಲಗೆ ಎದ್ದು ಬಂದವು. ಅತ್ತೆ ನನ್ನ ಭುಜಕ್ಕೆ ಒರಗಿದ್ದಳು. ಅರೆನಿದ್ದೆಯಲ್ಲಿ ನನಗೆ ಬಸ್ಸೇ ನಿಂತು ಗುಡ್ಡಗಳೇ ನಡೆಯುತ್ತಿವೆ ಅನ್ನಿಸಿತು.

ಗುಡ್ಡದ ಬುಡದಲ್ಲಿ ಕಾವಲುಗಾರ ನಮ್ಮ ಚೀಲ ನೋಡಿದ. ಬೀಳಗಿಯ ಕಡೆಯವನು, ನಡುವಯಸ್ಸಿನವನು. ಮಂಗಗಳ ಕಾಟವಿದೆ ಎಂದು ರೊಟ್ಟಿಯ ಗಂಟನ್ನು ತನ್ನ ಕೋಣೆಯಲ್ಲಿ ಇಡಿಸಿಕೊಂಡ. ಕಲ್ಲಿನ ಹೆಂಗಸಿಗೆಂದು ಅತ್ತೆ ತಂದಿದ್ದ ಅರಿಷಿಣ, ಕುಂಕುಮ, ಊದಿನಕಡ್ಡಿಗಳನ್ನೂ ಒಯ್ಯಬಾರದೆಂದ. ಅತ್ತೆಯ ಮುಖ ಸಣ್ಣದಾಯಿತು. ಅವನು ಮೇಲಿನ ಬಂಡೆಯ ಕಡೆ ಕೈ ತೋರಿಸಿದ. ಅಲ್ಲಿ ಹೆಜ್ಜೇನಿನ ಗೂಡುಗಳು ಕಪ್ಪಗೆ ಜೋತುಬಿದ್ದಿದ್ದವು.

"ಹೊಗಿ ಹತ್ತಿದ್ರ ಏಳ್ತಾವ್ರಿ ಯವ್ವಾ. ಮುಂಜಾನಿಂದ ಅವಕ್ಕ ಸಮಾಧಾನ ಇಲ್ಲ. ಒಂದ ತಾಸ ಕುಂದರ್ರಿ, ಆಮ್ಯಾಲ ನಾನ ಕರಕೊಂಡ ಹೋಗ್ತೇನಿ."

ಬೇವಿನ ನೆರಳಿನಲ್ಲಿ ಕುಳಿತೆವು. ಜೇನಿನ ಮೊರೆತ ಏರಿ ಇಳಿಯುತ್ತಿತ್ತು. ದೂರದ ಓಣಿಯಲ್ಲಿ ಮಗ್ಗಗಳು ನಡೆದಂತೆ ಕೇಳುತ್ತದೆ ಎಂದಳು ಅತ್ತೆ. ಮೊರೆತ ತಗ್ಗಿತೋ, ನಮಗೇ ರೂಢಿಯಾಯಿತೋ ತಿಳಿಯಲಿಲ್ಲ; ಕಾವಲುಗಾರ ಬಂದು ಎಬ್ಬಿಸಿದ. ಮೆಟ್ಟಿಲ ನಡುಭಾಗ ಸವೆದು ನುಣುಪಾಗಿದೆ, ಗೋಡೆಯ ಬದಿ ಹಿಡಿದು ಹತ್ತಿರಿ ಎಂದು ಹೇಳಿ ಮುಂದೆ ನಡೆದ. ಅತ್ತೆ ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಹತ್ತಿದಳು. ಅವಸರ ಯಾರಿಗೂ ಇರಲಿಲ್ಲ.

ಒಳಗೆ ಕಾಲಿಟ್ಟಾಗ ತಣ್ಣನೆಯ ನೀರಿಗೆ ಇಳಿದಂತಾಯಿತು. ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ನಂತರ ಕತ್ತಲೆಯೊಳಗಿಂದ ಒಂದು ಸೊಂಟ, ಒಂದು ತೋಳು, ನೆರಿಗೆಯ ಇಳಿಜಾರು ಒಂದೊಂದಾಗಿ ಹೊರಬಂದವು. ಪಟ್ಟೆಗಳು ಖರೆಯೇ ಇದ್ದವು. ಅತ್ತೆಯ ಕೈ ತಾನಾಗಿಯೇ ಸೆರಗಿನ ಕಡೆ ಹೋಯಿತು, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ಅದರ ಪೋತ, ನೇಯ್ಗೆಯ ನಯ ನೋಡುವವಳ ಹಾಗೆ.

"ಕೈ ಹಚ್ಚಬ್ಯಾಡ್ರೆವ್ವಾ," ಎಂದ ಕಾವಲುಗಾರ, ದನಿ ಏರಿಸದೆ. ಪಕ್ಕದ ಮೂಲೆಯ ಇನ್ನೊಂದು ಮೂರ್ತಿಯನ್ನು ತೋರಿಸಿದ. ಅದರ ತೊಡೆಯ ಭಾಗ ಎಣ್ಣೆ ಹಚ್ಚಿದಂತೆ ಕಪ್ಪಾಗಿ ಹೊಳೆಯುತ್ತಿತ್ತು. ಅಲ್ಲಿಯೂ ಒಂದು ಕಾಲಕ್ಕೆ ಸೀರೆ ಇತ್ತಂತೆ.

"ಮಂದಿ ಮುಟ್ಟಿ ಮುಟ್ಟಿ ಹಿಂಗ ಆತೇನ ತಮ್ಮಾ?"

"ಹೌದ್ರಿ. ಒಬ್ಬೊಬ್ರು ಒಂದ ಸಲಾನ ಮುಟ್ತಾರ."

ಅತ್ತೆ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂರ್ತಿಯ ಮುಂದೆ ಅಡ್ಡ ಕಟ್ಟಿದ್ದ ಹಗ್ಗದ ಈಚೆ ನಿಂತಳು. ಹಿಂದೆ ನಿಂತಿದ್ದ ನನಗೆ ಅವಳ ಬೆರಳುಗಳು ಕಾಣುತ್ತಿದ್ದವು. ಎರಡು ಸಣ್ಣ ಪಟ್ಟೆ, ಒಂದು ದಪ್ಪ, ಮತ್ತೆ ಎರಡು ಸಣ್ಣ. ಬೆರಳುಗಳು ಗಾಳಿಯಲ್ಲಿ ಎಳೆ ಎಣಿಸುತ್ತಿದ್ದವು. ಬಾಗಿಲಿನ ಬೆಳಕು ನಿಧಾನಕ್ಕೆ ಸರಿದು ನೆರಿಗೆಗಳ ಮೇಲೆ ಬಂದಾಗ ಕಲ್ಲಿನ ಸೀರೆ ಉಸಿರಾಡಿದಂತೆ ಕಂಡಿತು. ಫೋಟೊ ತೆಗೆಯಲೇ ಎಂದು ಕೇಳಿದೆ. ಅತ್ತೆ ಬೇಡವೆಂದು ತಲೆ ಅಲ್ಲಾಡಿಸಿದಳು.

ಮನೆಗೆ ಬಂದು ಇದ್ದಿಲಿನಿಂದ ನೆಲದ ಮೇಲೆ ಪಟ್ಟೆಗಳನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಒಂದು ಅಳತೆ ಮಾತ್ರ ಕೂಡಿಬರಲಿಲ್ಲ. ಮಾಘದಲ್ಲಿ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಇನ್ನೊಮ್ಮೆ ಹೋದೆವು. ದಾರಿಯುದ್ದಕ್ಕೂ ಯಾವುದನ್ನು ತರಬಾರದು, ಎಲ್ಲಿ ಕಾಲಿಡಬೇಕು, ಎಷ್ಟು ಮೆಲ್ಲಗೆ ಮಾತಾಡಬೇಕು ಎಂದು ಅವಳೇ ಹೇಳುತ್ತ ಬಂದಳು. ಅವತ್ತು ಮೋಡ ಕವಿದಿತ್ತು. ಗುಹೆಯೊಳಗೆ ಪಟ್ಟೆಗಳೇ ಕಾಣಲಿಲ್ಲ, ಸೀರೆ ಬರೀ ಒಂದು ನೆರಳಾಗಿತ್ತು.

ಬೇಜಾರಾಯಿತೇ ಎಂದು ಕೇಳಿದೆ.

"ಇಲ್ಲ ಬೇ," ಎಂದಳು. "ಅದಾವಲ್ಲ ಒಳಗ, ಅಷ್ಟ ಸಾಕು."